ತೆಂಗಿಗೂ ನುಸಿ, ತೊಗರಿಗೂ ನುಸಿ

ಎಳನೀರು ಗಾಡಿಯಲ್ಲಿ ಒರಟು ಕಂದು ಗಾಯ ಇರೋ ಕಾಯಿ ಕೈಗೆ ಬಂದರೆ "ಇದು ಬೇಡ, ಬೇರೆ ಕೊಡಿ" ಅನ್ನೋದು ನಮ್ಮಲ್ಲಿ ಬಹಳ ಜನರ ಅಭ್ಯಾಸ. ನಂದೂ ಅದೇ. ಬೆಂಗಳೂರಿಗೆ ಬಂದು ಆರು ವರ್ಷವಾದರೂ ಆ ಗಾಯ ಯಾಕಾಗುತ್ತೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಯೋಚಿಸುವ ಹಾಗೆ ಮಾಡಿದ್ದು ಆಳಂದದಿಂದ ಬಂದ ಅಪ್ಪನ ಫೋನ್.

"ತೊಗರಿ ಭಾಳ ಹಸರ ಅದ. ಆದ್ರ ನಡುನಡು ಒಂದಿಷ್ಟು ಗಿಡಕ್ಕ ಹೂನೇ ಇಲ್ಲ ನೋಡು."

ಆಗ ನವೆಂಬರ್. ಅಕ್ಕಪಕ್ಕದ ಗಿಡಗಳು ಹಳದಿ ಹೂ ಹೊತ್ತು ನಿಂತಿದ್ದರೆ ಇವು ಮಾತ್ರ ಸಣ್ಣ ಸಣ್ಣ ಎಲೆ ಬಿಟ್ಟು ಪೊದೆಯಾಗಿದ್ದವು. ಔಷಧಿ ಅಂಗಡಿಯವರು ಒಂದು ಬಾಟಲಿ ಕೊಟ್ಟು "ಹೊಡೀರಿ, ಹೂ ಬರ್ತಾವ" ಅಂದಿದ್ದರಂತೆ. ಅಪ್ಪ ಎರಡು ಸಲ ಹೊಡೆದಿದ್ದರು. ಹೂ ಬರಲಿಲ್ಲ, ದುಡ್ಡು ಹೋಯಿತು. ವಾಟ್ಸಾಪ್‌ನಲ್ಲಿ ಬಂದ ಫೋಟೊವನ್ನು ಕೃಷಿ ಓದಿದ ಗೆಳತಿಗೆ ಕಳಿಸಿದೆ. ಎಲೆ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆಗಳಿದ್ದವು. ಎರಡೇ ನಿಮಿಷಕ್ಕೆ ಉತ್ತರ: "ಗೊಡ್ಡು ರೋಗ. ನುಸಿಯಿಂದ."

ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ನೆಟೆ ರೋಗ ಚೆನ್ನಾಗಿ ಗೊತ್ತು. ನಿಂತ ಗಿಡ ನಿಂತಲ್ಲೇ ಒಣಗಿ ಹೋಗುತ್ತೆ, ಹೊಲದ ಅಂಚಿನಿಂದಲೇ ಕಾಣುತ್ತೆ. ಗೊಡ್ಡು ರೋಗ ಹಾಗಲ್ಲ. ಗಿಡ ಸಾಯಲ್ಲ, ಬಾಡಲ್ಲ, ದೂರದಿಂದ ನೋಡಿದರೆ ಉಳಿದವಕ್ಕಿಂತ ಚೆನ್ನಾಗಿದೆ ಅನಿಸುತ್ತೆ. ಹೂವಿನ ಕಾಲ ಬಂದಾಗಲೇ ಮೋಸ ಗೊತ್ತಾಗೋದು. ಇಂಗ್ಲಿಷಿನಲ್ಲಿ ಇದನ್ನು 'ಗ್ರೀನ್ ಪ್ಲೇಗ್' ಅಂತಲೂ ಕರೀತಾರೆ. ಸರಿಯಾದ ಹೆಸರೇ.

ಆ ರಾತ್ರಿ ಫೋನಿನಲ್ಲಿ 'ನುಸಿ' ಅಂತ ಹುಡುಕಿದೆ. ಬಂದದ್ದೆಲ್ಲ ತೆಂಗು! ಎಳನೀರಿನ ಮೇಲಿನ ಆ ಕಂದು ಗಾಯವೂ ನುಸಿಯದೇ ಕೆಲಸವಂತೆ.

ತೆಂಗಿನ ನುಸಿಯ ಉದ್ದ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಬರಿಗಣ್ಣಿಗೆ ಕಾಣಲ್ಲ. ಜೇಡನ ಬಳಗದ್ದಾದರೂ ಎಂಟು ಕಾಲಿಲ್ಲ, ನಾಲ್ಕೇ; ಮೈ ಹುಳುವಿನ ಹಾಗೆ ಉದ್ದ. ಎಳೆಗಾಯಿಯ ತೊಟ್ಟಿನ ಹತ್ತಿರ ಟೊಪ್ಪಿಯಂತೆ ಕೂತಿರುವ ಎಸಳುಗಳ ಅಡಿಗೆ ನುಗ್ಗಿ, ಅಲ್ಲಿನ ಮೆತ್ತನೆ ಭಾಗದ ರಸ ಹೀರುತ್ತೆ. ಮೊದಲು ಟೊಪ್ಪಿಯ ಕೆಳಗೆ ಬಿಳಿ ತ್ರಿಕೋನದಂಥ ಮಚ್ಚೆ. ಕಾಯಿ ಬೆಳೆದಂತೆ ಅದೇ ಕಂದಾಗಿ, ಬಿರುಕು ಬಿಟ್ಟು, ನಾವು ಬೇಡ ಅನ್ನೋ ಗಾಯವಾಗುತ್ತೆ. ಅಂದಹಾಗೆ ಒಳಗಿನ ನೀರಿಗೆ ಅದರಿಂದ ಏನೂ ಆಗಲ್ಲ, ಧಾರಾಳವಾಗಿ ಕುಡೀಬಹುದು. ನಷ್ಟ ಬೆಳೆದವರಿಗೆ: ಕಾಯಿ ಸಣ್ಣದಾಗುತ್ತೆ, ಕೊಬ್ಬರಿ ಕಡಿಮೆ, ಸಿಪ್ಪೆ ಸುಲಿಯೋದೂ ಕಷ್ಟ.

ಮೆಕ್ಸಿಕೋದ ಗೆರೆರೊ ರಾಜ್ಯದಿಂದ ಸಿಕ್ಕ ಮಾದರಿ ನೋಡಿ 1965ರಲ್ಲಿ ಇದಕ್ಕೆ ಅಸೇರಿಯಾ ಗೆರೆರೊನಿಸ್ ಅಂತ ಹೆಸರಿಟ್ಟರು. ಭಾರತದಲ್ಲಿ ವರದಿಯಾದದ್ದು 1998ರಲ್ಲಿ, ಕೇರಳದ ಎರ್ನಾಕುಲಂ ಜಿಲ್ಲೆಯಿಂದ. ಸ್ವಲ್ಪ ದಿನಕ್ಕೇ ನಮ್ಮ ತೆಂಗಿನ ಸೀಮೆಗೂ ಬಂತು. ತುಮಕೂರು, ಹಾಸನದ ಕಡೆಯ ಸ್ನೇಹಿತರಿದ್ದರೆ ಅವರ ಮನೆಯ ಹಿರಿಯರನ್ನು 'ನುಸಿ ರೋಗ' ಅಂತ ಕೇಳಿ ನೋಡಿ, ಕಥೆ ಶುರುವಾಗುತ್ತೆ. ಆಗ ತೆಂಗಿನ ಬೇರನ್ನು ಓರೆಯಾಗಿ ಕತ್ತರಿಸಿ, ಮೊನೊಕ್ರೊಟೊಫಾಸ್ ತುಂಬಿದ ಪ್ಲಾಸ್ಟಿಕ್ ಚೀಲ ಕಟ್ಟಿ ಮರಕ್ಕೆ ವಿಷ ಕುಡಿಸುತ್ತಿದ್ದರು. ಆಮೇಲೆ 45 ದಿನ ಕಾಯಿ ಕೀಳುವ ಹಾಗಿಲ್ಲ.

ನನಗೆ ಖುಷಿ ಕೊಟ್ಟಿದ್ದು ವಿಷದ ಕಥೆಯಲ್ಲ, ನುಸಿಯ ವೈರಿಗಳದು. ನುಸಿಯನ್ನು ತಿನ್ನೋದೂ ನುಸಿಯೇ! ನಿಯೊಸಿಯುಲಸ್ ಬರಾಕಿ ಅನ್ನೋ ಪರಭಕ್ಷಕ ನುಸಿಯ ಮೈ ಚಪ್ಪಟೆ, ಟೊಪ್ಪಿಯ ಸಂದಿಗೆ ನುಸುಳಲು ಸರಿ. ಆದರೂ ಅದು ಪೀಡೆ ನುಸಿಗಿಂತ ದೊಡ್ಡದು. ಕಾಯಿ ಬೆಳೆದು ಸಂದಿ ಸ್ವಲ್ಪ ಅಗಲವಾಗೋವರೆಗೆ ಹೊರಗೇ ಕಾಯಬೇಕು. ಅಷ್ಟರಲ್ಲಿ ಒಳಗಿನವು ಸಂಸಾರ ಹೂಡಿರುತ್ತವೆ. ಶ್ರೀಲಂಕಾದ ತೆಂಗು ಸಂಶೋಧನಾ ಸಂಸ್ಥೆಯವರು ಈ ಬೇಟೆಗಾರನನ್ನು ಸಾಕಿ ತೋಟಗಳಿಗೆ ಬಿಟ್ಟಿದ್ದಾರೆ. ಇನ್ನೊಂದು ವೈರಿ ಹಿರ್ಸುಟೆಲ್ಲಾ ಥಾಂಪ್ಸೋನಿ ಅನ್ನೋ ಶಿಲೀಂಧ್ರ. ಬೆಂಗಳೂರಿನ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯ ಅದರಿಂದ 'ಮೈಕೋಹಿಟ್' ಅನ್ನೋ ಪುಡಿ ಮಾಡಿತ್ತು. ಶಿಲೀಂಧ್ರಕ್ಕೆ ತೇವ ಬೇಕು, ಒಣ ಬಿಸಿಲಲ್ಲಿ ಅದರ ಆಟ ನಡೆಯಲ್ಲ. ಇವೆಲ್ಲ ಸೇರಿ ನುಸಿಯನ್ನು ಅಳಿಸಲ್ಲ, ಹತೋಟಿಯಲ್ಲಿಡುತ್ತವೆ. ತೆಂಗಿಗೆ ಅಷ್ಟು ಸಾಕು. ಹತ್ತು ನುಸಿಯಲ್ಲಿ ಎಂಟು ಸತ್ತರೆ ಗಾಯ ಅಷ್ಟು ಚಿಕ್ಕದು.

ತೊಗರಿಗೂ ಹಾಗೇ ಒಂದು ಬೇಟೆಗಾರ ನುಸಿ ತಂದುಬಿಟ್ಟರೆ? ಗೆಳತಿಗೆ ಉತ್ಸಾಹದಿಂದ ಕೇಳಿದೆ. ಅವಳು ನಕ್ಕಳು.

ತೊಗರಿಯ ನುಸಿ ಅಸೇರಿಯಾ ಕಜಾನಿ. ಅದೇ ಕುಲ, ಹೆಚ್ಚೂಕಡಿಮೆ ಅದೇ ಗಾತ್ರ. ಎಳೆ ಎಲೆಯ ಹಿಂಬದಿಯಲ್ಲಿ ಇರುತ್ತೆ, ಗಾಳಿಯಲ್ಲಿ ತೇಲಿ ಹೊಲದಿಂದ ಹೊಲಕ್ಕೆ ಹೋಗುತ್ತೆ. ಆದರೆ ಇದು ಹೀರೋ ರಸದಿಂದ ಗಿಡಕ್ಕೆ ಅಂಥ ಹಾನಿಯಿಲ್ಲ. ಹಾನಿ ಇರೋದು ಅದು ಹೊತ್ತು ತರೋ ವೈರಸ್‌ನಲ್ಲಿ. ಪ್ರಯೋಗಗಳಲ್ಲಿ ಒಂದೇ ಒಂದು ವೈರಸ್ ಹೊತ್ತ ನುಸಿ ಬಿಟ್ಟಾಗಲೂ ಅರ್ಧದಷ್ಟು ಗಿಡಗಳಿಗೆ ರೋಗ ಬಂದಿದೆ. ಐದಕ್ಕಿಂತ ಹೆಚ್ಚು ಬಿಟ್ಟರೆ ಎಲ್ಲಕ್ಕೂ. ಇಲ್ಲಿ ಹತ್ತರಲ್ಲಿ ಎಂಟು ತಿಂದರೂ ಉಳಿದ ಎರಡು ಸಾಕು. ಬಿತ್ತಿದ ಮೊದಲ ಒಂದೂವರೆ ತಿಂಗಳಲ್ಲಿ ರೋಗ ತಗುಲಿದರೆ ಆ ಗಿಡದ ಇಳುವರಿ ಹೆಚ್ಚುಕಡಿಮೆ ಪೂರ್ತಿ ಹೋದ ಹಾಗೆ. ವೈರಸ್ ಒಳಗೆ ಹೊಕ್ಕ ಮೇಲೆ ಯಾವ ಸ್ಪ್ರೇಯೂ ಅದನ್ನು ಹೊರಗೆ ತೆಗೆಯಲ್ಲ. ಅಪ್ಪನ ಎರಡು ಬಾಟಲಿ ಹೋದದ್ದು ಹೀಗೆ.

ಈ ರೋಗದ ಮೊದಲ ವರದಿ 1931ರದು, ಬಿಹಾರದ ಪೂಸಾದಿಂದ. ವೈರಸ್ಸೇ ಕಾರಣ ಅಂತ ಖಚಿತವಾಗಲು ಮತ್ತೆ ಸುಮಾರು 70 ವರ್ಷ ಹಿಡಿಯಿತು. ಕಲಬುರಗಿಯಿಂದ ಹೈದರಾಬಾದ್ ಬಸ್ಸಲ್ಲಿ ಹೋಗುವಾಗ ಪಟಾನ್‌ಚೆರು ಬರುತ್ತಲ್ಲ, ಅಲ್ಲಿನ ಇಕ್ರಿಸ್ಯಾಟ್ ವಿಜ್ಞಾನಿಗಳು ಸ್ಕಾಟ್ಲೆಂಡಿನವರ ಜೊತೆ ಸೇರಿ ಅದನ್ನು ಹಿಡಿದರು.

ಹಾಗಾದರೆ ಉಪಾಯ? ಒಂದು, ತಳಿ. 1986ರಲ್ಲಿ ಬಿಡುಗಡೆಯಾದ 'ಮಾರುತಿ' ನೆಟೆ ರೋಗ ತಡೆಯುತ್ತಿತ್ತು, ಗೊಡ್ಡು ರೋಗಕ್ಕೆ ಮಾತ್ರ ಸುಲಭದ ತುತ್ತು. ಆಮೇಲೆ ಬಂದ 'ಆಶಾ' ಮತ್ತು ಮಹಾರಾಷ್ಟ್ರದ ಬಿಎಸ್ಎಂಆರ್-736 ಎರಡನ್ನೂ ತಡೆಯುವಂಥವು. ಆದರೆ ವೈರಸ್‌ನಲ್ಲೂ ಊರಿಗೊಂದು ಬಗೆ ಇದೆ, ಒಂದು ಕಡೆ ಗೆದ್ದ ತಳಿ ಇನ್ನೊಂದು ಕಡೆ ಸೋಲಬಹುದು. ನಮ್ಮ ಪುಣ್ಯಕ್ಕೆ ಕೃಷಿ ಸಂಶೋಧನಾ ಕೇಂದ್ರ ಕಲಬುರಗಿಯ ಆಳಂದ ರಸ್ತೆಯಲ್ಲೇ ಇದೆ. ಬೀಜ ತರೋ ಮೊದಲು ಅಲ್ಲೊಮ್ಮೆ ಕೇಳೋದು ವಾಸಿ.

ಇನ್ನೊಂದು, ಕಿತ್ತು ಹಾಕೋದು. ಬಿತ್ತಿ ತಿಂಗಳಾಗುವಷ್ಟರಲ್ಲಿ ಹೊಲ ಸುತ್ತಿ ಮಚ್ಚೆ ಎಲೆಯ ಗಿಡ ಕಂಡಲ್ಲಿ ಕಿತ್ತು ಸುಡಬೇಕು. ಅದಕ್ಕಿಂತ ಮುಖ್ಯವಾದದ್ದು ಬೇಸಿಗೆಯ ಕೆಲಸ. ಈ ನುಸಿಗೆ ತೊಗರಿ ಮತ್ತು ಅದರ ಕಾಡು ಬಂಧುಗಳು ಬಿಟ್ಟರೆ ಬೇರೆ ಊಟ ಸೇರಲ್ಲ. ಹೊಲ ಖಾಲಿ ಇರೋ ತಿಂಗಳುಗಳಲ್ಲಿ ಅದು ಬದುಕೋದು ಬದುವಿನ ಮೇಲೆ ತಾನಾಗಿ ಹುಟ್ಟಿದ, ಕೊಯ್ದ ಮೇಲೆ ಮತ್ತೆ ಚಿಗುರಿದ ಹಳೆ ತೊಗರಿಯಲ್ಲಿ.

ಅಂಥ ಎರಡು ಗಿಡ ನಮ್ಮ ಬಾವಿ ಹತ್ತಿರವೇ ಇದ್ದವು. ಹಸಿ ಕಾಯಿ ಸಿಗುತ್ತೆ ಅಂತ ಅವ್ವ ನೀರು ಹಾಕಿ ಮೂರು ವರ್ಷ ಸಾಕಿದ್ದಳು. ಮೇ ತಿಂಗಳಲ್ಲಿ ಊರಿಗೆ ಹೋದಾಗ ವಿಷಯ ತೆಗೆದೆ. "ಕಣ್ಣಿಗಿ ಕಾಣಲಾರದ್ದಕ್ಕ ನನ್ ಗಿಡ ಕೀಳ್ತೀರೇನು?" ಅಂತ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಅಪ್ಪ ಎದ್ದು ನೋಡುವಷ್ಟರಲ್ಲಿ ಅವಳೇ ಕಿತ್ತಿದ್ದಳು. ಅಲ್ಲೀಗ ಬದನಿ ಹಚ್ಚ್ಯಾಳ.