ರೋಂಡಾ

ರೋಂಡಾ ದಕ್ಷಿಣ ಸ್ಪೇನ್ ದೇಶದ ಆಂಡಲೂಸಿಯಾ ಪ್ರದೇಶದ ಮಾಲಗಾ ಪ್ರಾಂತ್ಯದಲ್ಲಿರುವ ಐತಿಹಾಸಿಕ ಗಿರಿಪಟ್ಟಣ. ಸಮುದ್ರಮಟ್ಟದಿಂದ 700 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಈ ಪಟ್ಟಣವನ್ನು ಗ್ವಾಡಲೆವಿನ್ ನದಿಯು ಕೊರೆದ 'ಎಲ್ ತಾಹೊ' ಎಂಬ ಕಮರಿಯು ಎರಡಾಗಿ ಸೀಳಿದೆ. ಕಮರಿಯ ಆಳ ಸುಮಾರು 100 ಮೀಟರ್. ಪಟ್ಟಣಕ್ಕೆ ಸಹಜ ಕೋಟೆಯಾಗಿದ್ದ ಈ ಕಮರಿಯೇ ನೀರು ಮತ್ತು ಸಂಚಾರಗಳಿಗೆ ದೊಡ್ಡ ತೊಡಕೂ ಆಗಿತ್ತು.

ಇತಿಹಾಸ

ಮುಸ್ಲಿಂ ಅರಸರ ಆಳ್ವಿಕೆಯಲ್ಲಿ ರೋಂಡಾ ಪ್ರಬಲ ದುರ್ಗವಾಗಿತ್ತು. ಮುತ್ತಿಗೆಯ ಕಾಲದಲ್ಲಿ ನದಿಯ ನೀರು ದೊರೆಯಲೆಂದು ಬಂಡೆಯೊಳಗೆ ಕಡಿದಾದ ಮೆಟ್ಟಿಲುಗಳ ಗುಪ್ತಮಾರ್ಗವನ್ನು ಕೊರೆಯಲಾಗಿತ್ತು. ಸೆರೆಯಾಳುಗಳು ಈ ಮೆಟ್ಟಿಲುಗಳ ಮೂಲಕ ನೀರನ್ನು ಹೊತ್ತು ತರುತ್ತಿದ್ದರು. 1485ರಲ್ಲಿ ಫರ್ಡಿನೆಂಡ್ ದೊರೆಯ ಸೇನೆಯು ಫಿರಂಗಿಗಳಿಂದ ಗೋಡೆಗಳನ್ನು ಕೆಡವಿದ್ದಲ್ಲದೆ ಈ ನೀರಿನ ದಾರಿಯನ್ನೂ ತಡೆಯಿತು. ಕಮರಿಯನ್ನು ನಂಬಿದ್ದ ದುರ್ಗವು ಕೆಲವೇ ದಿನಗಳಲ್ಲಿ ಶರಣಾಯಿತು.

ಹೊಸ ಸೇತುವೆ

ಕಮರಿಯ ದಕ್ಷಿಣಕ್ಕೆ ಹಳೆಯ ಪಟ್ಟಣವೂ ಉತ್ತರಕ್ಕೆ ಮೆರ್ಕಾದಿಯೊ ಬಡಾವಣೆಯೂ ಇವೆ. ಇವುಗಳ ನಡುವೆ 1735ರಲ್ಲಿ ಒಂದೇ ಕಮಾನಿನ ಸೇತುವೆಯನ್ನು ತರಾತುರಿಯಲ್ಲಿ ಕಟ್ಟಲಾಯಿತು. ಅದು 1741ರಲ್ಲಿ ಕುಸಿದು ಸುಮಾರು 50 ಜನರು ಮೃತರಾದರು. ಆ ದುರಂತದ ಬಳಿಕ ನಿರ್ಮಾಣಗೊಂಡದ್ದೇ ಇಂದಿನ 'ಪ್ವೆಂತೆ ನ್ವೆವೊ', ಅಂದರೆ ಹೊಸ ಸೇತುವೆ. ಕಮರಿಯ ತಳದಿಂದಲೇ ಕಲ್ಲಿನ ಕಂಬಗಳನ್ನು ಎಬ್ಬಿಸಿದ್ದರಿಂದ ಕಾಮಗಾರಿಗೆ ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ವಾಸ್ತುಶಿಲ್ಪಿ ಹೊಸೆ ಮಾರ್ತಿನ್ ದೆ ಆಲ್ದೆವೇಲಾ ಅವರ ನೇತೃತ್ವದಲ್ಲಿ 1793ರಲ್ಲಿ ಪೂರ್ಣಗೊಂಡ ಈ ಸೇತುವೆಯ ಎತ್ತರ 98 ಮೀಟರ್. ನಡುವಿನ ಕಮಾನಿನ ಮೇಲಿರುವ ಕೋಣೆಯನ್ನು ಹಿಂದೆ ಸೆರೆಮನೆಯಾಗಿ ಬಳಸಲಾಗುತ್ತಿತ್ತು.

ಪ್ರೇಕ್ಷಣೀಯ ಸ್ಥಳಗಳು

ನೀರಿನ ಗುಪ್ತಮಾರ್ಗವು 'ಕಾಸಾ ದೆಲ್ ರೇ ಮೊರೊ' ಎಂಬ ಭವನದ ಆವರಣದಲ್ಲಿದೆ. ಹಳೆಯ ಸೇತುವೆಯ ಸಮೀಪದಲ್ಲಿರುವ ಅರಬ್ ಸ್ನಾನಗೃಹಗಳ ಕಮಾನು ಛಾವಣಿಯಲ್ಲಿ ನಕ್ಷತ್ರಾಕಾರದ ಬೆಳಕಿಂಡಿಗಳಿವೆ. ಮೆರ್ಕಾದಿಯೊ ಭಾಗದಲ್ಲಿ 1785ರಲ್ಲಿ ಉದ್ಘಾಟನೆಗೊಂಡ ಗೂಳಿಕಾಳಗದ ಕಲ್ಲಿನ ಅಂಗಣವಿದೆ. ಜರ್ಮನ್ ಭಾಷೆಯ ಕವಿ ರೈನರ್ ಮಾರಿಯಾ ರಿಲ್ಕೆ 1912–13ರ ಚಳಿಗಾಲದಲ್ಲಿ ಕೆಲಕಾಲ ಇಲ್ಲಿ ತಂಗಿದ್ದರು.

ಪ್ರವಾಸ

ಮಾಲಗಾ ನಗರದಿಂದ ರೋಂಡಾಕ್ಕೆ ರಸ್ತೆಯ ಮೂಲಕ ಸುಮಾರು 100 ಕಿ.ಮೀ. ದೂರ. ಆಲ್ಹೆಸಿರಾಸ್ ಬಂದರಿನಿಂದ ರೈಲು ಸೌಕರ್ಯವೂ ಇದೆ. ಹಳೆಯ ಪಟ್ಟಣದ ಓಣಿಗಳು ಇಕ್ಕಟ್ಟಾಗಿರುವುದರಿಂದ ಅದನ್ನು ಕಾಲ್ನಡಿಗೆಯಲ್ಲಿ ನೋಡುವುದೇ ಸೂಕ್ತ. ಸೇತುವೆಯ ಮೇಲೆ ನಿಂತವರಿಗೆ ಕಮರಿಯ ಆಳವಷ್ಟೇ ಕಾಣುತ್ತದೆ. ಸೇತುವೆಯ ಪೂರ್ಣಸ್ವರೂಪವನ್ನು ನೋಡಲು ಹಳೆಯ ಪಟ್ಟಣದ ಕಡೆಯಿಂದ ಕಣಿವೆಗೆ ಇಳಿಯುವ ಕಾಲುದಾರಿಯನ್ನು ಹಿಡಿಯಬೇಕು. ಮರಳುವಾಗ ಏರು ಕಠಿಣವಾದುದರಿಂದ ಬೇಸಿಗೆಯಲ್ಲಿ ಮುಂಜಾನೆಯೇ ಹೊರಡುವುದು ಒಳಿತು.