ಟ್ರಫಲ್‌ನಿಂದ ಕಲ್ಲಣಬೆಯವರೆಗೆ

ಮಣ್ಣೊಳಗೇ ಬಲಿಯುವ ಟ್ರಫಲ್ ಅಣಬೆಗೆ
ಅಷ್ಟೊಂದು ಬೆಲೆ ಏಕೆ?

ಅದು ಬೆಳೆಯುವುದು ಓಕ್, ಹೇಜಲ್‌ನಂಥ ಮರಗಳ ಬೇರಿನ ಜೊತೆ.
ಮರ ಸಕ್ಕರೆ ಕೊಡುತ್ತದೆ.
ಶಿಲೀಂಧ್ರ ನೀರು, ಖನಿಜ ಒದಗಿಸುತ್ತದೆ.
ಕಪ್ಪು ಟ್ರಫಲ್‌ಗೆಂದು ಸಸಿ ನೆಟ್ಟರೆ,
ಮೊದಲ ಫಸಲಿಗೆ 5ರಿಂದ 10 ವರ್ಷ ಕಾಯಬೇಕು.

ಎಲ್ಲಕ್ಕಿಂತ ದುಬಾರಿ, ಇಟಲಿಯ ಆಲ್ಬಾದ ಬಿಳಿ ಟ್ರಫಲ್.
ಬೇಯಿಸಿದರೆ ಪರಿಮಳ ಹಾರಿಹೋಗುತ್ತದೆ.
ಹಾಗಾಗಿ ಹಸಿಯಾಗಿಯೇ ತೆಳ್ಳಗೆ ಹೆರೆದು,
ಬಿಸಿ ಊಟದ ಮೇಲೆ ಉದುರಿಸುತ್ತಾರೆ.

ಫ್ರಾನ್ಸಿನ ಪೆರಿಗೋರ್ ಕಪ್ಪು ಟ್ರಫಲ್ ಚಳಿಗಾಲದ್ದು.
ಹದವಾದ ಬಿಸಿ ತಡೆಯುತ್ತದೆ.
ಬೆಣ್ಣೆ, ಮೊಟ್ಟೆಗೆ ಚೆನ್ನಾಗಿ ಹೊಂದುತ್ತದೆ.
ಬೇಸಿಗೆ ಟ್ರಫಲ್ ಅಗ್ಗ, ಘಮವೂ ಕಡಿಮೆ.

ಟ್ರಫಲ್ ಎಣ್ಣೆ?
ಅಂಗಡಿಯ ಬಹುತೇಕ ಬಾಟಲಿಗಳಲ್ಲಿರುವುದು ಕೃತಕ ಸುವಾಸನೆ.

ಕರಾವಳಿ ಕರ್ನಾಟಕದಲ್ಲಿ ಟ್ರಫಲ್‌ಗೆ ಹತ್ತಿರವಾದದ್ದು ಕಲ್ಲಣಬೆ.
ತುಳುವಿನಲ್ಲಿ ಕಲ್ಲಲಾಂಬು.
ವಿಜ್ಞಾನದ ಹೆಸರು ಆಸ್ಟ್ರೇಯಸ್.
ಟ್ರಫಲ್‌ನ ಕುಲದ್ದಲ್ಲ,
ಆದರೆ ಮರದ ಬೇರಿನೊಡನೆ ಅದೇ ಕೊಡುಕೊಳ್ಳುವಿಕೆ.

ಮೊದಲ ಮಳೆ ಬಿದ್ದೊಡನೆ,
ಕಾರ್ಕಳ, ಉಡುಪಿ ಕಡೆಯ ಕಾಡಂಚಿನಲ್ಲಿ
ಜನ ಮಣ್ಣು ಕೆದಕಿ ಹುಡುಕುತ್ತಾರೆ.
ಸಿಗುವುದು ಗೋಲಿಯಂಥ ಉರುಟು ಉಂಡೆ.
ಋತು ಕೆಲವೇ ವಾರ.
ಮಾರುಕಟ್ಟೆಯಲ್ಲಿ ಕೋಳಿಗಿಂತ ತುಟ್ಟಿ.
ಆ ಬೆಲೆ ನ್ಯಾಯವೇ:
ಪ್ರತಿ ಉಂಡೆಯನ್ನೂ ಕೈಯಲ್ಲೇ ಹೆಕ್ಕಬೇಕು.

ಅಡುಗೆಗೆ ಮುನ್ನ ಕೆಸರು ಹೋಗುವವರೆಗೆ ಉಜ್ಜಿ,
ಎರಡು ಹೋಳು ಮಾಡಿ ನೋಡಬೇಕು.
ಒಳಗೆ ಬೆಳ್ಳಗಿದ್ದರೆ ಎಳೆಯದು, ರುಚಿ.
ಕಪ್ಪಾಗಿದ್ದರೆ ಬಲಿತು ಬೀಜಕಣ ತುಂಬಿದೆ,
ಅದನ್ನು ಬಿಸಾಡುತ್ತಾರೆ.

ಉಳಿದದ್ದು ತೆಂಗಿನಕಾಯಿ ಮಸಾಲೆಯಲ್ಲಿ ಬೆಂದು ಗಸಿಯಾಗುತ್ತದೆ.
ಬೆಂದರೂ ಸಿಪ್ಪೆ ಹಲ್ಲಿಗೆ ಕಟುಂ ಎನ್ನುತ್ತದೆ,
ಒಳಭಾಗ ಮೆತ್ತಗೆ.