ಎಚ್ಚರಿಕೆಯ ತೆರೆ

ಸಾಮಾಜಿಕ ಜಾಲತಾಣಗಳಲ್ಲಿ ಕೊಲೆ, ಅಪಘಾತ, ಆತ್ಮಹಿಂಸೆ ಮೊದಲಾದ ದಾರುಣ ದೃಶ್ಯಗಳನ್ನು ಮಬ್ಬುತೆರೆಯಿಂದ ಮುಚ್ಚಿ, ಅವು ಮನಸ್ಸನ್ನು ಕಲಕಬಹುದೆಂದು ಮುಂದಾಗಿ ತಿಳಿಸುವ ಪದ್ಧತಿಯು ಈಗ ವಾಚಕರಿಗೆಲ್ಲ ಪರಿಚಿತವಾದುದು. ೨೦೧೫ನೆಯ ಇಸವಿಯ ಜನವರಿಯಲ್ಲಿ ಪ್ಯಾರಿಸ್ ನಗರದ ಪೋಲೀಸಿನವನೊಬ್ಬನನ್ನು ಗುಂಡಿಟ್ಟು ಕೊಂದ ದೃಶ್ಯದ ಮೇಲೆ ಫೇಸ್‌ಬುಕ್ ಸಂಸ್ಥೆಯವರು ಇಂಥ ತೆರೆಯನ್ನೆಳೆದರು. ೨೦೧೯ರಲ್ಲಿ ಇನ್‌ಸ್ಟಾಗ್ರಾಂನವರು ಆತ್ಮಹಿಂಸೆಯ ಚಿತ್ರಗಳಿಗೂ ಇದನ್ನು ವಿಸ್ತರಿಸಿದರು. ಉದ್ದೇಶವು ಸ್ತುತ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಫಲವೇನು?

ಮನಶ್ಶಾಸ್ತ್ರಜ್ಞೆ ವಿಕ್ಟೋರಿಯಾ ಬ್ರಿಜ್‌ಲ್ಯಾಂಡ್ ಮತ್ತು ಅವರ ಸಂಗಡಿಗರು, ಇಂಥ ಎಚ್ಚರಿಕೆಗಳ ವಿಷಯದಲ್ಲಿ ನಡೆದ ಹನ್ನೆರಡು ಶೋಧನೆಗಳನ್ನು ಒಟ್ಟುಗೂಡಿಸಿ ೨೦೨೩ರಲ್ಲಿ ಪ್ರಕಟಿಸಿದ ನಿರ್ಣಯವು ವಿಚಾರಾರ್ಹವಾಗಿದೆ. ಎಚ್ಚರಿಕೆಯನ್ನು ಓದಿದವರಿಗೆ, ನೋಡುವುದಕ್ಕೆ ಮೊದಲೇ ಕಳವಳವು ಹೆಚ್ಚುತ್ತದೆ. ನೋಡಿದ ಬಳಿಕ ಆಗುವ ವ್ಯಥೆಯು ಮಾತ್ರ ಕಡಮೆಯಾಗುವುದಿಲ್ಲ. ನೋಡದೆ ಬಿಡುವವರ ಪ್ರಮಾಣವೂ ಏರುವುದಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬುಟ್ಟಿಯೊಳಗೆ ಹಾವಿದೆಯೆಂದು ಹೇಳಿದೊಡನೆ ಮುಚ್ಚಳವನ್ನೆತ್ತಿ ನೋಡಬೇಕೆನ್ನುವುದು ಮನುಷ್ಯಸ್ವಭಾವವಷ್ಟೆ.

ಹಾಗೆಂದು ಎಚ್ಚರಿಕೆಯನ್ನೇ ಕಿತ್ತೊಗೆಯಬೇಕೆಂದು ನಾವು ಹೇಳುವುದಿಲ್ಲ. ತನ್ನವರನ್ನು ಅಪಘಾತದಲ್ಲಿ ಕಳೆದುಕೊಂಡವನಿಗೆ ಅಂಥದೇ ದೃಶ್ಯವು ಹಠಾತ್ತಾಗಿ ಕಣ್ಣಿಗೆ ಬೀಳುವುದು ಬೇರೆ, ನೋಡುವುದೋ ಬಿಡುವುದೋ ಎಂದು ಯೋಚಿಸಲು ಒಂದು ಕ್ಷಣ ದೊರೆಯುವುದು ಬೇರೆ. ಆ ಕ್ಷಣವು ಅವನ ಹಕ್ಕು. ಆದರೆ ಒಳಗಿರುವುದು ಇಂಥದೆಂದು ಹೇಳದೆ 'ಸೂಕ್ಷ್ಮ ವಿಷಯ' ಎಂದಷ್ಟೇ ಬರೆದರೆ ಅವನು ನಿರ್ಧರಿಸುವುದು ಹೇಗೆ? ಘಟ್ಟದ ದಾರಿಯಲ್ಲಿ 'ಅಪಾಯ' ಎಂದು ಮಾತ್ರ ಬರೆದ ಹಲಗೆಯಿಂದ ಗಾಡಿಯವನು ಹೆದರಿಯಾನು; ಮುಂದಿರುವುದು ತಿರುವೋ ಕುಸಿತವೋ ಎಂಬುದನ್ನು ತಿಳಿಯಲಾರನು.

ಇದಕ್ಕಿಂತಲೂ ಗುರುತರವಾದ ಮಾತೊಂದುಂಟು. ೨೦೧೯ರ ಮಾರ್ಚಿಯಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ ೫೧ ಜನರನ್ನು ಕೊಂದ ಪಾತಕಿಯು ಆ ಕೃತ್ಯವನ್ನು ಫೇಸ್‌ಬುಕ್ಕಿನಲ್ಲಿ ನೇರವಾಗಿ ಪ್ರಸಾರ ಮಾಡಿದನು. ಮೊದಲ ೨೪ ಗಂಟೆಗಳಲ್ಲಿಯೇ ಅದರ ೧೫ ಲಕ್ಷ ಪ್ರತಿಗಳನ್ನು ತೆಗೆದುಹಾಕಿದೆವೆಂದು ಸಂಸ್ಥೆಯೇ ತಿಳಿಸಿತು. ಇಂಥ ಪ್ರವಾಹಕ್ಕೆ ತೆರೆಯು ಒಡ್ಡಾಗಬಲ್ಲುದೆ? ಹರಡುವ ಯಂತ್ರವನ್ನು ನಡೆಯಿಸಿ ಲಾಭ ಪಡೆಯುವವರು, ಒಂದು ಸಾಲು ಬರೆದು ಮಿಕ್ಕ ಹೊಣೆಯನ್ನೆಲ್ಲ ನೋಡುವವನ ಬೆರಳಿಗೆ ವಹಿಸಿ ಸುಮ್ಮನಾಗುವುದು ನ್ಯಾಯವಲ್ಲ.

ಆದುದರಿಂದ ಎಚ್ಚರಿಕೆಯು ಸ್ಪಷ್ಟವಾಗಿರತಕ್ಕದ್ದು; ಓದುವವನ ಭಾಷೆಯಲ್ಲಿರತಕ್ಕದ್ದು; ಕನ್ನಡಿಗನಿಗೆ ಕನ್ನಡದಲ್ಲಿಯೇ ದೊರೆಯತಕ್ಕದ್ದು. ಕೇಳದೆಯೇ ದೃಶ್ಯವು ತಾನಾಗಿ ಓಡತೊಡಗುವ ಏರ್ಪಾಡು ನಿಲ್ಲಬೇಕು. ಹರಡಬಾರದುದನ್ನು ಹರಡದಂತೆ ತಡೆಯುವುದು ಸಂಸ್ಥೆಗಳ ಮೊದಲ ಕರ್ತವ್ಯ; ತೆರೆಯೆಳೆಯುವುದು ಆಮೇಲಿನ ಮಾತು.